ಮಂದ ಗಾಡಿಯ ಋಣ

ಸುಖವೆಂಬುದು ನಮ್ಮ ಕೈಗೆ ಬಂದ ವಸ್ತುವಿನೊಳಗೇ ಇರುತ್ತದೆಯೇ, ಇಲ್ಲವೇ ಮೊದಲು ಇದ್ದದ್ದಕ್ಕೂ ಈಗ ಬಂದದ್ದಕ್ಕೂ ನಡುವಿನ ಅಂತರದಲ್ಲಿ ಇರುತ್ತದೆಯೇ? ಪ್ರಶ್ನೆ ಹಳೆಯದು. ಹಸಿದವನಿಗೇ ರೊಟ್ಟಿಯ ರುಚಿ, ಬಿಸಿಲಲ್ಲಿ ಬಂದವನಿಗೇ ನೆರಳಿನ ತಂಪು ಎಂದು ನಮ್ಮ ಹಿರಿಯರು ಉತ್ತರ ಹೇಳುತ್ತಲೇ ಬಂದಿದ್ದಾರೆ. ಆದರೆ ಅನ್ನ, ನೀರು, ನೆರಳು ಇವೆಲ್ಲ ಇಲ್ಲದಿದ್ದರೆ ಬದುಕಲಾಗದ ವಸ್ತುಗಳು. ಪ್ರಶ್ನೆಯನ್ನು ಸರಿಯಾಗಿ ಒರೆಗೆ ಹಚ್ಚಬೇಕಾದರೆ ಇಲ್ಲದೆಯೂ ಬದುಕಬಹುದಾದ, ಆದರೂ ಮನಸ್ಸನ್ನು ಕುಣಿಸುವ ವಸ್ತುವೊಂದನ್ನು ಎತ್ತಿಕೊಳ್ಳಬೇಕು. ಕಾರು ಅಂಥದ್ದು. ವರ್ಷಗಟ್ಟಲೆ ಮಂದಗತಿಯ ಗಾಡಿಯನ್ನು ಓಡಿಸಿದವರು ಒಂದು ದಿನ ಚುರುಕಾದ, ಬಲವಾದ ಗಾಡಿಯ ಸ್ಟೀರಿಂಗ್ ಹಿಡಿದಾಗ ಅವರ ಮುಖದಲ್ಲಿ ಮೂಡುವ ನಗುವನ್ನು ಬರೀ ದುಡ್ಡಿನ ಜಂಬವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ನಗುವಿನಲ್ಲಿ ಯೋಚಿಸಬೇಕಾದ ಸಂಗತಿಯಿದೆ.

ನಮ್ಮ ದೇಶದಲ್ಲಿ ಈ ಅನುಭವ ಒಂದಿಡೀ ತಲೆಮಾರಿಗೆ ಒಟ್ಟಿಗೇ ಆಯಿತು. ಸ್ವಾತಂತ್ರ್ಯಾನಂತರ ಬಹಳ ವರ್ಷಗಳ ಕಾಲ ಇಲ್ಲಿ ಕಾರು ಎಂದರೆ ಮುಖ್ಯವಾಗಿ ಎರಡೇ: ಅಂಬಾಸಿಡರ್ ಮತ್ತು ಫಿಯಟ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಯಿತು. ಬಹುಕಾಲ ಅದರಲ್ಲಿದ್ದದ್ದು 1489 ಸಿಸಿಯ ಇಂಜಿನ್, ಸುಮಾರು 50 ಅಶ್ವಶಕ್ತಿ. ಗಾಡಿಯ ತೂಕ ಒಂದು ಟನ್ನಿಗೂ ಮಿಕ್ಕಿ. ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲೇ. ಪವರ್ ಸ್ಟೀರಿಂಗ್ ಇಲ್ಲದ ಆ ಕಾಲದಲ್ಲಿ ನಿಂತಲ್ಲೇ ಚಕ್ರ ತಿರುಗಿಸಬೇಕಾದರೆ ತೋಳಿನಲ್ಲಿ ಕಸುವು ಬೇಕಿತ್ತು. ಮದುವೆ ದಿಬ್ಬಣಕ್ಕೆ ಹೊರಟರೆ ಅದರೊಳಗೆ ಒಂಬತ್ತು ಹತ್ತು ಜನ ಹಿಡಿಸುತ್ತಿದ್ದರು. ಡ್ರೈವರು ಅರ್ಧ ಮೈಯನ್ನು ಬಾಗಿಲಿಗೆ ಆನಿಸಿಕೊಂಡೇ ಗಾಡಿ ಓಡಿಸುತ್ತಿದ್ದ.

ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಹತ್ತುವ ಟ್ಯಾಕ್ಸಿಯವರು ರೇಡಿಯೇಟರಿಗೆಂದು ನೀರಿನ ಕ್ಯಾನು ಜೊತೆಗಿಟ್ಟುಕೊಂಡೇ ಹೊರಡುತ್ತಿದ್ದರು. ಬಿಸಿಯೇರಿ ಪೆಟ್ರೋಲ್ ಬರುವುದು ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಮುಂದೆ ಲಾರಿಯಿದ್ದರೆ ಅದನ್ನು ದಾಟುವುದೇ ಒಂದು ದೊಡ್ಡ ಯೋಜನೆ. ರಸ್ತೆ ಎಷ್ಟು ದೂರ ಕಾಣುತ್ತಿದೆ, ಎದುರಿನಿಂದ ಏನು ಬರುತ್ತಿದೆ, ಗೇರನ್ನು ಯಾವಾಗ ಇಳಿಸಬೇಕು, ಆಗದಿದ್ದರೆ ಹಿಂದಕ್ಕೆ ಸರಿಯಲು ಜಾಗವಿದೆಯೇ, ಇಷ್ಟನ್ನೂ ಲೆಕ್ಕ ಹಾಕಿಯೇ ಕಾಲನ್ನು ಆಕ್ಸಿಲರೇಟರಿನ ಮೇಲೆ ಒತ್ತಬೇಕು. ಒತ್ತಿದ ಮೇಲೂ ಗಾಡಿ ಸ್ವಲ್ಪ ಹೊತ್ತು ಯೋಚಿಸಿಯೇ ಮುಂದೆ ಹೋಗುವುದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಪ್ರಧಾನಿ ಇಂದಿರಾ ಗಾಂಧಿಯವರೇ ಮೊದಲ ಕಾರಿನ ಕೀಲಿಕೈಯನ್ನು ಗ್ರಾಹಕರೊಬ್ಬರ ಕೈಗಿತ್ತರು. 796 ಸಿಸಿಯ, ಮೂರೇ ಸಿಲಿಂಡರಿನ, 40ಕ್ಕಿಂತ ಕಡಿಮೆ ಅಶ್ವಶಕ್ತಿಯ ಪುಟ್ಟ ಗಾಡಿ. ಬೆಂಕಿಪೆಟ್ಟಿಗೆಯಂತಿದೆ ಎಂದು ನಕ್ಕವರಿದ್ದರು. ಆದರೆ ಅಂಬಾಸಿಡರ್ ಓಡಿಸಿ ಪಳಗಿದ ಕಾಲು ಅದರ ಆಕ್ಸಿಲರೇಟರಿನ ಮೇಲೆ ಬಿದ್ದಾಗ ಗಾಡಿ ಹಾರಿದಂತೆ ಮುಂದೆ ಹೋಯಿತು. ‘ಪಿಕಪ್’ ಎಂಬ ಪದ ಊರೂರಿನ ಗ್ಯಾರೇಜುಗಳಲ್ಲಿ ಹೊಸ ಹುರುಪು ಪಡೆಯಿತು. ಸ್ಟೀರಿಂಗ್ ಬೆರಳ ತುದಿಗೆ ತಿರುಗುತ್ತಿತ್ತು, ಗೇರು ಬೆಣ್ಣೆಯಲ್ಲಿ ಕತ್ತಿ ಹೋದಂತೆ ಬೀಳುತ್ತಿತ್ತು.

ಇಲ್ಲೊಂದು ಸೋಜಿಗವಿದೆ. ಇಂಜಿನ್ನಿನ ಬಲವನ್ನು ಮಾತ್ರ ನೋಡಿದರೆ ಮಾರುತಿ ಅಂಬಾಸಿಡರಿಗಿಂತ ಬಡವ. ಆದರೆ ಅದರ ತೂಕ ಸುಮಾರು 650 ಕಿಲೋ. ಒಂದು ಟನ್ ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂದು ಲೆಕ್ಕ ಹಾಕಿದರೆ ಅಂಬಾಸಿಡರಿಗೆ 45ರ ಆಸುಪಾಸು, ಮಾರುತಿಗೆ 60ರ ಹತ್ತಿರ. ಇದಕ್ಕೆ ವಿರುದ್ಧವಾದ ಉದಾಹರಣೆ 1984ರಲ್ಲಿ ಬಂದ ಕಾಂಟೆಸ್ಸಾ. ಉದ್ದನೆಯ ಮೂತಿ, ವಿಶಾಲವಾದ ಮೈ, ಸಿನಿಮಾದ ಶ್ರೀಮಂತರು ಇಳಿಯುವಂಥ ಗತ್ತು. ಆದರೆ ಆರಂಭದಲ್ಲಿ ಅದರ ಒಳಗಿದ್ದದ್ದು ಅಂಬಾಸಿಡರಿನದೇ ಇಂಜಿನ್. ಮುಂದೆ ಜಪಾನಿನ ಇಸುಜು ಕಂಪೆನಿಯ 1.8 ಲೀಟರ್ ಇಂಜಿನ್ ಬಂದ ಮೇಲೆಯೇ ಅದರ ಮೈಗೆ ತಕ್ಕ ಜೀವ ಬಂದದ್ದು. ಬಲವೆಂದರೆ ಗಾತ್ರವಲ್ಲ, ಹೊತ್ತ ಹೊರೆಗೂ ಇರುವ ಕಸುವಿಗೂ ನಡುವಿನ ಸಂಬಂಧ ಎಂಬುದನ್ನು ಈ ಎರಡು ಕಾರುಗಳು ನಮಗೆ ಕಲಿಸಿದವು. ಈ ಮಾತು ಕಾರಿಗೆ ಮಾತ್ರ ಅನ್ವಯಿಸುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಂದು ಹದಿನೆಂಟು ತುಂಬಿದ ಹುಡುಗನನ್ನು ಅದೇ ಮಾರುತಿ 800ರಲ್ಲಿ ಕೂರಿಸಿ ನೋಡಿ. ‘ಇದೇನು ಡಬ್ಬಾ, ಎಳೆಯುವುದೇ ಇಲ್ಲ’ ಎನ್ನುತ್ತಾನೆ. ಅವನದು ಸುಳ್ಳಲ್ಲ. ಅವನು ಕಲಿತದ್ದು ಕಾಲಿಟ್ಟೊಡನೆ ಮುನ್ನುಗ್ಗುವ ಹೊಸ ಗಾಡಿಯಲ್ಲಿ, ಬಹುಶಃ ಸದ್ದೇ ಇಲ್ಲದ ಬ್ಯಾಟರಿ ಕಾರಿನಲ್ಲಿ. ಗಾಡಿ ಅದೇ, ಇಂಜಿನ್ ಅದೇ. ಒಬ್ಬನಿಗೆ ಅದು ರೆಕ್ಕೆ, ಇನ್ನೊಬ್ಬನಿಗೆ ಡಬ್ಬಾ. ಹಾಗಾದರೆ ಆನಂದ ಎಲ್ಲಿತ್ತು? ಕಾರಿನಲ್ಲಂತೂ ಅಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ವೇಬರ್ ತೂಕಗಳನ್ನು ಕೈಯಲ್ಲಿಟ್ಟು ಪರೀಕ್ಷೆ ಮಾಡಿ ಒಂದು ಸಂಗತಿಯನ್ನು ಕಂಡುಕೊಂಡ. ಕೈಯಲ್ಲಿ ಹಗುರ ವಸ್ತುವಿದ್ದಾಗ ಸ್ವಲ್ಪ ಹೆಚ್ಚಿಸಿದರೂ ನಮಗೆ ಗೊತ್ತಾಗುತ್ತದೆ. ಭಾರದ ವಸ್ತುವಿದ್ದಾಗ ಅಷ್ಟೇ ಹೆಚ್ಚಿಸಿದರೆ ಗೊತ್ತಾಗುವುದಿಲ್ಲ. ನಮ್ಮ ಇಂದ್ರಿಯಗಳು ಅಳೆಯುವುದು ಪ್ರಮಾಣವನ್ನಲ್ಲ, ವ್ಯತ್ಯಾಸವನ್ನು. 40 ಅಶ್ವಶಕ್ತಿಯಿಂದ 80ಕ್ಕೆ ಏರಿದವನು ಕುಣಿದಾಡುತ್ತಾನೆ. 200ರಿಂದ 240ಕ್ಕೆ ಏರಿದವನಿಗೆ ಮಾರಾಟಗಾರ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ವ್ಯತ್ಯಾಸದ ಸುಖಕ್ಕೆ ಆಯುಸ್ಸೂ ಕಡಿಮೆ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ದೊಡ್ಡ ಲಾಟರಿ ಗೆದ್ದ 22 ಜನರನ್ನು ಅವರು ಮಾತನಾಡಿಸಿದ್ದರು. ಗೆದ್ದವರು ಉಳಿದ ನೆರೆಹೊರೆಯವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಸ್ನೇಹಿತನ ಜೊತೆ ಹರಟೆ, ಬೆಳಗಿನ ತಿಂಡಿ, ತಮಾಷೆಯ ಮಾತು ಇಂಥ ದಿನನಿತ್ಯದ ಸಣ್ಣ ಸುಖಗಳು ಅವರಿಗೆ ಆ ನೆರೆಹೊರೆಯವರಷ್ಟು ರುಚಿಸುತ್ತಿರಲಿಲ್ಲ. ಹೊಸ ಕಾರು ಕೊಂಡವರ ಮನೆಯಲ್ಲೂ ಇದೇ ನಡೆಯುತ್ತದೆ. ಮೊದಲ ವಾರ ಸುಮ್ಮನೆ ಒಂದು ಸುತ್ತು, ಎರಡನೆಯ ತಿಂಗಳು ಬಾನೆಟ್ಟಿನ ಮೇಲೆ ಧೂಳು, ಮೂರನೆಯ ತಿಂಗಳು ಪಕ್ಕದಲ್ಲಿ ಹಾದುಹೋದ ಇನ್ನೂ ದೊಡ್ಡ ಗಾಡಿಯ ಮೇಲೆ ಕಣ್ಣು.

ಇಷ್ಟರವರೆಗೆ ಹೇಳಿದ್ದರಲ್ಲಿ ತಕರಾರು ಕಡಿಮೆ. ತಕರಾರು ಶುರುವಾಗುವುದು ಇದರಿಂದ ಯಾವ ನೀತಿಯನ್ನು ತೆಗೆಯಬೇಕು ಎಂಬಲ್ಲಿ. ನಮ್ಮಂತೆ ಉರ್ದು ಕಲಿತು ಬೆಳೆದವರಿಗೆ ಶೇಖ್ ಸಾದಿಯವರ ಗುಲಿಸ್ತಾನ್ ಅಪರಿಚಿತವಲ್ಲ. 1258ರಲ್ಲಿ ಬರೆದು ಮುಗಿಸಿದ ಆ ಕೃತಿಯಲ್ಲಿ ಹಡಗಿನ ಕಥೆಯೊಂದಿದೆ. ರಾಜನೊಬ್ಬ ಹಡಗಿನಲ್ಲಿ ಹೋಗುತ್ತಿದ್ದಾನೆ. ಎಂದೂ ಸಮುದ್ರ ಕಂಡಿರದ ಗುಲಾಮನೊಬ್ಬ ಹೆದರಿ ಅಳುತ್ತಾನೆ, ನಡುಗುತ್ತಾನೆ. ಎಷ್ಟು ಸಮಾಧಾನ ಹೇಳಿದರೂ ಸುಮ್ಮನಾಗುವುದಿಲ್ಲ. ರಾಜನ ವಿಹಾರ ಕೆಡುತ್ತದೆ. ಆಗ ಜೊತೆಗಿದ್ದ ಜ್ಞಾನಿಯೊಬ್ಬ ಅಪ್ಪಣೆ ಪಡೆದು ಆ ಗುಲಾಮನನ್ನು ನೀರಿಗೆ ಎಸೆಯಿಸುತ್ತಾನೆ. ಅವನು ಕೆಲವು ಸಲ ಮುಳುಗೆದ್ದ ಮೇಲೆ ಕೂದಲು ಹಿಡಿದು ಎಳೆದು ತರುತ್ತಾರೆ. ಅಲ್ಲಿಂದ ಮುಂದೆ ಅವನು ಮೂಲೆಯಲ್ಲಿ ಸದ್ದಿಲ್ಲದೆ ಕೂರುತ್ತಾನೆ. ಮುಳುಗುವ ಸಂಕಟ ಗೊತ್ತಿಲ್ಲದವನಿಗೆ ಹಡಗಿನ ಬೆಲೆ ಗೊತ್ತಿರುವುದಿಲ್ಲ ಎಂಬುದು ಜ್ಞಾನಿಯ ವಿವರಣೆ.

ಕಥೆ ಬರೆಯುವ ಕಸುಬಿನವರಾದ ನಮಗೆ ಈ ಕಥೆ ಎರಡು ರೀತಿಯಲ್ಲಿ ಕಾಣುತ್ತದೆ. ಮನುಷ್ಯ ಸ್ವಭಾವದ ವರದಿಯಾಗಿ ಅದು ನೂರಕ್ಕೆ ನೂರು ಸತ್ಯ. ಅಂಬಾಸಿಡರಿನಿಂದ ಮಾರುತಿಗೆ ಬಂದವನ ನಗು ಅದಕ್ಕೆ ಸಾಕ್ಷಿ. ಆದರೆ ಕಥೆಯಲ್ಲಿ ಮಾತನಾಡುವವರು ರಾಜ ಮತ್ತು ಜ್ಞಾನಿ ಇಬ್ಬರೇ. ನೀರು ಕುಡಿದವನನ್ನು ಯಾರೂ ಮಾತನಾಡಿಸುವುದಿಲ್ಲ. ಅವನು ಮೂಲೆಯಲ್ಲಿ ಸುಮ್ಮನೆ ಕುಳಿತದ್ದು ಹಡಗಿನ ಬೆಲೆ ತಿಳಿದೋ, ಮತ್ತೊಮ್ಮೆ ಎಸೆದಾರು ಎಂಬ ಭಯದಿಂದಲೋ? ಕೃತಜ್ಞತೆಗೂ ಭಯಕ್ಕೂ ಹೊರಗಿನಿಂದ ನೋಡಿದರೆ ಮುಖ ಒಂದೇ. ಎಸೆದವನು ಕಲಿಸಿದೆನೆಂದು ಹೇಳಿಕೊಳ್ಳುತ್ತಾನೆ. ಬಿದ್ದವನು ಏನು ಕಲಿತನೆಂದು ಅವನೇ ಹೇಳಬೇಕು.

ಈ ಸೂಕ್ಷ್ಮವನ್ನು ಮರೆತಾಗ ಅಭಾವದ ತತ್ವ ಉಳ್ಳವರ ಕೈಯ ಕೋಲಾಗುತ್ತದೆ. ‘ನಾವೂ ಒರಳಲ್ಲಿ ರುಬ್ಬಿಯೇ ಬಂದವರು, ನೀನೂ ಸ್ವಲ್ಪ ರುಬ್ಬು, ಆಮೇಲೆ ಮಿಕ್ಸಿಯ ಬೆಲೆ ಗೊತ್ತಾಗುತ್ತದೆ’ ಎನ್ನುವ ಅತ್ತೆಯ ಮಾತಿನಲ್ಲಿ ಇದೇ ತತ್ವವಿದೆ. ಬಡವರಿಗೆ ಕೊರತೆಯೇ ಒಳ್ಳೆಯದು, ಅವರಿಗೆ ಸಣ್ಣದರಲ್ಲೇ ಸಂತೋಷವಿದೆ ಎಂದು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಉಪದೇಶಿಸುವವರ ಬಾಯಲ್ಲೂ ಇದೇ ಇದೆ. ಪರ್ಮಿಟ್ ರಾಜ್ಯದ ಕಾಲದಲ್ಲಿ ಕಾರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದವರಿದ್ದರು. ಕಾದು ಪಡೆದದ್ದಕ್ಕೆ ಸಿಹಿ ಹೆಚ್ಚು, ನಿಜ. ಹಾಗೆಂದು ಆ ಸರದಿಯನ್ನು ಯಾರಾದರೂ ಉಪಕಾರವೆಂದು ನೆನೆಯುತ್ತಾರೆಯೇ?

ಇನ್ನೂ ಸ್ಪಷ್ಟವಾದ ಉದಾಹರಣೆ ಸೌದಿ ಅರೇಬಿಯಾದ್ದು. ಅಲ್ಲಿ 2018ರ ಜೂನ್ 24ರವರೆಗೆ ಹೆಂಗಸರು ಗಾಡಿ ಓಡಿಸುವಂತಿರಲಿಲ್ಲ. 1990ರ ನವೆಂಬರಿನಲ್ಲಿ 47 ಮಂದಿ ಮಹಿಳೆಯರು ರಿಯಾದಿನ ಬೀದಿಗಳಲ್ಲಿ ಕಾರು ಓಡಿಸಿ ಶಿಕ್ಷೆಗೆ ಒಳಗಾಗಿದ್ದರು. ನಿಷೇಧ ತೆರವಾದ ಆ ಮಧ್ಯರಾತ್ರಿ ಸ್ಟೀರಿಂಗ್ ಹಿಡಿದು ಹೊರಟ ಹೆಣ್ಣುಮಕ್ಕಳ ಸಂಭ್ರಮವನ್ನು ಜಗತ್ತೇ ನೋಡಿತು. ಅಂದು ಅವರ ಕೈಲಿದ್ದದ್ದು ದೊಡ್ಡ ಗಾಡಿಯೋ ಸಣ್ಣದೋ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಅಷ್ಟೊಂದು ಆನಂದಕ್ಕೆ ಕಾರಣ ಅಷ್ಟು ವರ್ಷಗಳ ತಡೆಯೇ. ಆ ಆನಂದವನ್ನು ತೋರಿಸಿ ತಡೆಯನ್ನು ಸಮರ್ಥಿಸಲು ಬಂದೀತೇ? ಬರುವುದಿಲ್ಲ. ಅಭಾವ ಆನಂದವನ್ನು ಹೆಚ್ಚಿಸುತ್ತದೆ ಎಂಬುದು ಸತ್ಯ. ಆದ್ದರಿಂದ ಅಭಾವವನ್ನು ಹೇರಬಹುದು ಎಂಬುದು ಸುಳ್ಳು. ಇವೆರಡರ ನಡುವಿನ ಗೆರೆ ಅಳಿಸದಂತೆ ನೋಡಿಕೊಳ್ಳುವುದೇ ಇಲ್ಲಿ ನೈತಿಕತೆಯ ಕೆಲಸ.

ಆ ನಿಷೇಧದಿಂದಾಗಿಯೇ ನಮ್ಮ ಎಷ್ಟೋ ಜನಕ್ಕೆ ಅಲ್ಲಿ ‘ಹೌಸ್ ಡ್ರೈವರ್’ ಕೆಲಸ ಸಿಕ್ಕಿತ್ತು. ನಮ್ಮ ಪರಿಚಯದ ಒಬ್ಬರು ಊರಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದವರು, ಸೌದಿಗೆ ಹೋಗಿ ಕಫೀಲನ ಮನೆಯ ಲ್ಯಾಂಡ್ ಕ್ರೂಸರ್ ಓಡಿಸಿದರು. ಆರು ಸಿಲಿಂಡರಿನ, 4.5 ಲೀಟರಿನ, 200ಕ್ಕೂ ಮಿಕ್ಕಿದ ಅಶ್ವಶಕ್ತಿಯ ಗಾಡಿ. ಮಕ್ಕಳನ್ನು ಶಾಲೆಗೆ, ಮನೆಯವರನ್ನು ಮಾರ್ಕೆಟ್ಟಿಗೆ ಮುಟ್ಟಿಸುವುದು ಅವರ ದಿನಚರಿ. ಈಗ ಊರಿಗೆ ಮರಳಿ ಓಮ್ನಿಯಲ್ಲಿ ಶಾಲಾ ಮಕ್ಕಳನ್ನು ಕರೆದೊಯ್ಯುತ್ತಾರೆ. ಅಂಥ ಗಾಡಿ ಓಡಿಸಿ ಬಂದು ಇದು ಬೇಜಾರಾಗುವುದಿಲ್ಲವೇ ಎಂದು ಕೇಳಿದೆವು. ಅವರು ನಕ್ಕರು. ‘ಭಾಯ್, ಆ ಗಾಡಿಯ ಮಜಾ ಉಂಡವನು ನಾನು. ಅದರ ಯಜಮಾನ ಹಿಂದೆ ಕೂತು ಫೋನಿನಲ್ಲಿ ಬೈದಾಡುತ್ತಿದ್ದ. ಅವನು ಹುಟ್ಟಿದ್ದೇ ಅದರೊಳಗೆ, ಅವನಿಗೆ ಏನು ಗೊತ್ತು? ಆದರೆ ಒಂದು ಮಾತು, ಆ ಗಾಡಿಯಲ್ಲಿ ನನ್ನ ಮಗುವನ್ನು ಒಂದು ದಿನವೂ ಕೂರಿಸಲಿಲ್ಲ. ಓಮ್ನಿಯಲ್ಲಿ ದಿನಾ ಕೂರಿಸುತ್ತೇನೆ.’

ಈ ಮಾತನ್ನು ಯೋಚಿಸಿದಷ್ಟೂ ಅದರ ಪದರಗಳು ಬಿಚ್ಚಿಕೊಳ್ಳುತ್ತವೆ. ಗಾಡಿಯ ಒಡೆತನ ಒಬ್ಬನದು, ಅದರ ಆನಂದ ಇನ್ನೊಬ್ಬನದು. ಮಂದ ಗಾಡಿಯಲ್ಲಿ ಪಳಗಿದ ಕೈಗೆ ಮಾತ್ರ ಆ ಆನಂದ ದಕ್ಕಿತು. ಅಷ್ಟಾದರೂ ಅದು ಪೂರ್ತಿ ಆಗಲಿಲ್ಲ, ಏಕೆಂದರೆ ಹಂಚಿಕೊಳ್ಳಲು ತನ್ನವರು ಪಕ್ಕದಲ್ಲಿರಲಿಲ್ಲ. ವೇಬರನ ತೂಕದ ಲೆಕ್ಕಕ್ಕೆ ಸಿಗದ ಸಂಗತಿಯೊಂದು ಇಲ್ಲಿದೆ. ಸುಖ ವ್ಯತ್ಯಾಸದಿಂದ ಹುಟ್ಟಬಹುದು, ಆದರೆ ಬಾಳುವುದು ಸಂಬಂಧದಿಂದ.

ಬಲದ ಆನಂದಕ್ಕೆ ಇನ್ನೊಂದು ಲೆಕ್ಕವೂ ಇದೆ. ಬಲವಾದ ಗಾಡಿಯ ಸುಖ ಓಡಿಸುವವನ ಎದೆಯೊಳಗೇ ಮುಗಿಯುವುದಿಲ್ಲ, ಅದು ಎಲ್ಲರ ರಸ್ತೆಯ ಮೇಲೆ ಹಾದುಹೋಗುತ್ತದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ಭೌತಶಾಸ್ತ್ರ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಹತ್ತರಲ್ಲಿ ಏಳು ಸಾವುಗಳಿಗೆ ಅತಿವೇಗ ಕಾರಣ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೈಕು ಸ್ಕೂಟರುಗಳಲ್ಲಿ ಹೊರಟವರು ಇಲ್ಲವೇ ನಡೆದುಹೋಗುತ್ತಿದ್ದವರು. ಗಟ್ಟಿಯಾದ ಗಾಡಿ ತನ್ನೊಳಗಿರುವವನ ತಪ್ಪನ್ನು ಎಷ್ಟೋ ಸಲ ಕ್ಷಮಿಸುತ್ತದೆ, ಏರ್‌ಬ್ಯಾಗ್ ಬಿಚ್ಚಿ ಅವನನ್ನು ಉಳಿಸುತ್ತದೆ. ಹಾಲಿನ ಪ್ಯಾಕೆಟ್ ಹಿಡಿದು ರಸ್ತೆ ದಾಟುವವನಿಗೆ ಆ ಕ್ಷಮೆ ಇಲ್ಲ.

ಮಂದ ಗಾಡಿಯ ಋಣ ನಿಜವಾಗಿ ನೆನಪಾಗಬೇಕಾದದ್ದು ಇಲ್ಲಿ. ಅದು ನಮಗೆ ಹೊಸ ಗಾಡಿಯ ರುಚಿಯನ್ನು ಮಾತ್ರ ಕೊಡಲಿಲ್ಲ. ಲಾರಿಯ ಹಿಂದೆ ಕಾಯುವುದನ್ನು, ರಸ್ತೆಯನ್ನು ದೂರದವರೆಗೆ ಓದುವುದನ್ನು, ‘ಈಗ ಬೇಡ’ ಎಂದು ಕಾಲನ್ನು ಹಿಂದಕ್ಕೆ ತೆಗೆಯುವುದನ್ನು ಕಲಿಸಿತು. ಬಲವಿಲ್ಲದವನಿಗೆ ಈ ಎಚ್ಚರ ಅನಿವಾರ್ಯ. ಬಲ ಬಂದ ಮೇಲೂ ಅದೇ ಎಚ್ಚರವನ್ನು ಉಳಿಸಿಕೊಂಡವನಿಗೆ ಅದು ಗುಣ. ಒಳ್ಳೆಯ ಚಾಲಕರನ್ನು ಗಮನಿಸಿದರೆ ತಿಳಿಯುತ್ತದೆ: ಅವರ ಬಲವಾದ ಗಾಡಿಯ ಅರ್ಧ ಶಕ್ತಿ ಯಾವಾಗಲೂ ಬಳಕೆಯಾಗದೆ ಉಳಿದಿರುತ್ತದೆ. ಘಾಟಿಯಲ್ಲಿ, ಅಪಾಯದಲ್ಲಿ ಬೇಕಾದರೆ ಇದೆ ಎಂಬ ನೆಮ್ಮದಿಯೇ ಅವರ ಸುಖ. ಇಮಾಮ್ ಗಝಾಲಿಯವರು ತಮ್ಮ ಇಹ್ಯಾ ಗ್ರಂಥದಲ್ಲಿ ಸಬ್ರ್ ಮತ್ತು ಶುಕ್ರ್, ಎಂದರೆ ಸಹನೆ ಮತ್ತು ಕೃತಜ್ಞತೆಗಳನ್ನು ಒಂದೇ ಅಧ್ಯಾಯದಲ್ಲಿ ಇಟ್ಟು ವಿವರಿಸುತ್ತಾರೆ. ಕಷ್ಟದಲ್ಲಿ ಒಂದು, ಸುಖದಲ್ಲಿ ಇನ್ನೊಂದು ಎಂದು ನಾವು ಹಂಚಿಕೊಂಡಿದ್ದೇವೆ. ಸ್ಟೀರಿಂಗಿನ ಹಿಂದೆ ಕುಳಿತರೆ ಅವೆರಡೂ ಒಂದೇ ಕಾಲಿನ ಕೆಲಸವೆಂದು ಗೊತ್ತಾಗುತ್ತದೆ.

ಮಗನಿಗೆ ಮೊದಲು ಹಳೆಯ ಗಾಡಿಯನ್ನೇ ಕೊಡಬೇಕೇ ಎಂದು ಕೆಲವು ತಂದೆಯರು ಕೇಳುತ್ತಾರೆ. ಕೊಡಬಹುದು, ಕಲಿಯುವವನ ಕೈಯಲ್ಲಿ ಕಡಿಮೆ ಬಲವಿರುವುದು ಅವನಿಗೂ ಬೀದಿಯವರಿಗೂ ಕ್ಷೇಮ. ಆದರೆ ಅವನನ್ನು ಕೊರತೆಯಲ್ಲಿ ಬೇಯಿಸಿ ನಮ್ಮ ಕಾಲದ ಕಷ್ಟವನ್ನು ಅರ್ಥ ಮಾಡಿಸಬೇಕೆಂಬ ಹಟದಿಂದ ಬೇಡ. ಕೊಡುವುದಾದರೆ ಪಕ್ಕದ ಸೀಟಿನಲ್ಲಿ ನಾವೂ ಕೂರಬೇಕು. ಅವನ ಕಾಲಕ್ಕೆ ಅವನದೇ ಮಂದ ಗಾಡಿಗಳು ಬಂದೇ ಬರುತ್ತವೆ. ಅವು ಕಾರುಗಳೇ ಆಗಿರಬೇಕೆಂದಿಲ್ಲ.

ಹೋಲಿಕೆಯಿಲ್ಲದೆ ಸಂತೋಷ ಕಷ್ಟವೆಂಬುದನ್ನು ಒಪ್ಪೋಣ. ಆದರೆ ಯಾರೊಂದಿಗೆ ಹೋಲಿಕೆ ಎಂಬುದು ನಮ್ಮ ಕೈಯಲ್ಲಿದೆ. ಬಸ್ಸಿಗೆ ಕಾಯುವವನನ್ನು ಕಿಟಕಿಯಿಂದ ನೋಡಿ ನಮ್ಮ ಕಾರಿನ ಬೆಲೆ ತಿಳಿಯುವುದು ಒಂದು ದಾರಿ. ಒಂದು ಕಾಲದಲ್ಲಿ ನಾವೇ ಬಸ್ಸಿಗೆ ಕಾದದ್ದನ್ನು ನೆನೆಯುವುದು ಇನ್ನೊಂದು. ಮೊದಲನೆಯದಕ್ಕೆ ಅವನು ಅಲ್ಲೇ ಕಾಯುತ್ತಿರಬೇಕು, ಇಲ್ಲದಿದ್ದರೆ ನಮ್ಮ ಸುಖ ನಡೆಯುವುದಿಲ್ಲ. ಎರಡನೆಯದಕ್ಕೆ ಯಾರ ಕಷ್ಟವೂ ಬೇಕಿಲ್ಲ. ಅಷ್ಟೇ ಅಲ್ಲ, ಹಾಗೆ ನೆನೆದವನು ಗಾಡಿ ನಿಲ್ಲಿಸಿ ಬಾಗಿಲು ತೆರೆಯುವ ಸಾಧ್ಯತೆಯೂ ಇದೆ. ನೀರಿನಲ್ಲಿ ಮುಳುಗೆದ್ದವನಿಗೆ ಹಡಗಿನ ಬೆಲೆ ಗೊತ್ತಿರುತ್ತದೆ ಎಂಬ ಸಾದಿಯವರ ಮಾತು ನಿಜವೇ ಆಗಿದ್ದರೆ, ಹಡಗಿನಲ್ಲಿ ಇನ್ನೂ ಜಾಗವಿರುವಾಗ ನೀರಿನಲ್ಲಿರುವವನಿಗೆ ಮೊದಲು ಕೈ ಚಾಚಬೇಕಾದವನೂ ಅವನೇ.